ನಲವತ್ತು ದಿನ, ನಾಲ್ಕು ದಾರಿ: ಪ್ರಾರ್ಥನೆಯ ಹೊತ್ತಿನಲ್ಲಿ ಫೋನ್ ಎಲ್ಲಿರಬೇಕು?

ಐದು ಗಂಟೆಗೆ ಅಲಾರಾಂ ಹೊಡೆಯುತ್ತದೆ. ಅದನ್ನು ನಿಲ್ಲಿಸಲು ಫೋನ್ ಕೈಗೆ ತೆಗೆದುಕೊಳ್ಳುತ್ತೇನೆ. ಶಾಲೆಯ ಗುಂಪಿನಲ್ಲಿ ಹದಿನೆಂಟು ಮೆಸೇಜು ಬಂದು ಕೂತಿರುತ್ತವೆ. ಒಂದನ್ನು ನೋಡಿ ಇಟ್ಟುಬಿಡೋಣ ಅನ್ನಿಸುತ್ತದೆ. ಮತ್ತೆ ಗಡಿಯಾರ ನೋಡುವಾಗ ಐದೂ ಮುಕ್ಕಾಲು. ಒಲೆ ಹಚ್ಚಬೇಕು, ಡಬ್ಬಿ ಕಟ್ಟಬೇಕು. ಪ್ರಾರ್ಥನೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎರಡು ವರ್ಷ ನಮ್ಮ ಮನೆಯಲ್ಲಿ ನನ್ನ ಬೆಳಗು ಹೀಗೇ ಇತ್ತು.

ನಾನು ಮೈಸೂರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿ. ನಮ್ಮದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆ. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ (ಲೆಂಟ್) ಬೂದಿ ಬುಧವಾರ ಶುರುವಾಗುತ್ತದೆ. 2025ರಲ್ಲಿ ಅದು ಮಾರ್ಚ್ 5ಕ್ಕೆ ಬಂತು, ಈಸ್ಟರ್ ಏಪ್ರಿಲ್ 20ಕ್ಕೆ. ನಡುವಿನ ಭಾನುವಾರಗಳನ್ನು ಬಿಟ್ಟರೆ ಸರಿಯಾಗಿ ನಲವತ್ತು ದಿನ. ಆ ನಲವತ್ತನ್ನು ಹತ್ತು ಹತ್ತು ದಿನದ ನಾಲ್ಕು ಪಾಲು ಮಾಡಿದೆ. ಒಂದೊಂದು ಪಾಲಿಗೆ ಒಂದೊಂದು ರೀತಿ. ಮೊದಲ ಹತ್ತು ದಿನ ಫೋನಿನ ಬೈಬಲ್ ಆ್ಯಪ್. ಎರಡನೆಯದು ಕಾಗದದ ಸತ್ಯವೇದ, ಅಂದರೆ ಅಚ್ಚಾದ ಬೈಬಲ್, ಫೋನ್ ಬೇರೆ ಕೋಣೆಯಲ್ಲಿ. ಮೂರನೆಯದು ಕಿವಿಯಲ್ಲಿ ಕೇಳುವ ಸತ್ಯವೇದ. ಕೊನೆಯ ಹತ್ತು ದಿನ ಸ್ಮಾರ್ಟ್‌ಫೋನೇ ಇಲ್ಲ, ಬರೀ ಬಟನ್ ಫೋನು. ಪ್ರತಿ ರಾತ್ರಿ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದೆ: ಏನು ಓದಿದೆ, ಈಗ ಏನು ನೆನಪಿದೆ, ಯಾರಿಗಾಗಿ ಪ್ರಾರ್ಥಿಸಿದೆ. ಈ ಮೂರನೇ ಸಾಲು ಎಷ್ಟು ಮುಖ್ಯ ಅನ್ನೋದು ಬರೆಯಲು ಶುರು ಮಾಡಿದಾಗ ಗೊತ್ತಿರಲಿಲ್ಲ.

ಆ್ಯಪ್ ವಿಷಯದಲ್ಲಿ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನಾನು ಬಳಸಿದ್ದು ಯೂವರ್ಷನ್. ಅಮೆರಿಕದ ಒಕ್ಲಹೋಮಾದ ಲೈಫ್ ಚರ್ಚ್ 2008ರಲ್ಲಿ ಅದನ್ನು ಹೊರತಂದಿತು. ಹಣ ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಕನ್ನಡದಲ್ಲೇ ಒಂದಕ್ಕಿಂತ ಹೆಚ್ಚು ಅನುವಾದ ಇವೆ. ಚಿಕ್ಕಂದಿನಿಂದ ಬಾಯಿಪಾಠವಾದ ಹಳೆಯ ಅನುವಾದವೂ ಸಿಗುತ್ತದೆ, ಸುಲಭ ಕನ್ನಡದ್ದೂ ಸಿಗುತ್ತದೆ. ಬೈಬಲಿನಲ್ಲಿರುವ ಪೌಲನ ಪತ್ರಗಳಲ್ಲಿ ಒಂದು ವಾಕ್ಯ ಶುರುವಾದರೆ ಎಲ್ಲಿ ಮುಗಿಯುತ್ತದೋ ಗೊತ್ತಾಗುವುದಿಲ್ಲ, ಅಲ್ವಾ? ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯವನ್ನು ಎರಡೂ ಅನುವಾದದಲ್ಲಿ ಒಂದಾದ ಮೇಲೊಂದು ಓದಿದೆ. ಇಷ್ಟು ವರ್ಷ ಸುಮ್ನೆ ಓದಿ ದಾಟಿಹೋಗಿದ್ದ ಮಾತು ಅವತ್ತು ಅರ್ಥವಾಯಿತು. ಒಂದು ಪದ ನೆನಪಿದ್ದು ವಚನ ಎಲ್ಲಿದೆ ಅಂತ ಮರೆತಿದ್ದರೆ ಹುಡುಕುವುದಕ್ಕೂ ಆ್ಯಪ್‌ಗೆ ಸಮ ಇಲ್ಲ.

ಆದರೆ ಆ ಹತ್ತು ದಿನದ ನೋಟ್‌ಬುಕ್ ಬೇರೆಯೇ ಕಥೆ ಹೇಳುತ್ತದೆ. ಮೊದಲ ಸಾಲಿನಲ್ಲಿ ದಿನಕ್ಕೆ ಮೂರು ನಾಲ್ಕು ಅಧ್ಯಾಯ. ಎರಡನೇ ಸಾಲು ಐದು ದಿನ ಖಾಲಿ. ಮೂರನೇ ಸಾಲಿನಲ್ಲಿ ಹೆಚ್ಚಾಗಿ 'ಮನೆಯವರು' ಅಂತ ಮಾತ್ರ. ಎಷ್ಟು ದಿನ ಬಿಡದೆ ತೆರೆದಿದ್ದೇನೆ ಅಂತ ಆ್ಯಪ್ ಎಣಿಸುತ್ತದೆ. ಒಂದು ರಾತ್ರಿ ಹನ್ನೊಂದೂವರೆಗೆ ನಿದ್ದೆಗಣ್ಣಿನಲ್ಲಿ ಎದ್ದು, ಆ ಎಣಿಕೆ ತಪ್ಪಬಾರದು ಅಂತ ಒಂದು ವಚನ ತೆರೆದು ಮುಚ್ಚಿದೆ. ಯಾರ ಮುಂದೆ ಲೆಕ್ಕ ಒಪ್ಪಿಸುತ್ತಿದ್ದೇನೆ ಅನ್ನಿಸಿ ಅವತ್ತು ತುಂಬಾ ನೋವಾಯಿತು. ಎಣಿಕೆಯಿಂದ ಅಭ್ಯಾಸ ಬೆಳೆಸಿಕೊಂಡವರು ನಮ್ಮ ಯುವಜನರಲ್ಲಿ ಇದ್ದಾರೆ, ಅವರ ಅನುಭವವನ್ನು ಅಲ್ಲಗಳೆಯುವುದಿಲ್ಲ. ನನಗೆ ಮಾತ್ರ ಅದು ಹೊಂದಲಿಲ್ಲ.

ಇನ್ನೊಂದು ತೊಂದರೆ ಓದು ಮುಗಿದ ಮೇಲಿನದು. ಸತ್ಯವೇದ ಮುಚ್ಚಿದರೆ ಕಣ್ಣು ಮುಚ್ಚುತ್ತೇವೆ, ಪ್ರಾರ್ಥನೆಗೆ ಹೋಗುತ್ತೇವೆ. ಆ್ಯಪ್ ಮುಚ್ಚಿದರೆ ಎದುರಿಗೆ ವಾಟ್ಸಾಪ್ ಇರುತ್ತದೆ. ವಾಕ್ಯಕ್ಕೂ ಪ್ರಾರ್ಥನೆಗೂ ನಡುವೆ ಒಂದು ಬಾಗಿಲು ತೆರೆದುಕೊಂಡ ಹಾಗೆ. ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಯೇಸು ಹೇಳುವುದು ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ. ಫೋನ್ ಕೈಯಲ್ಲಿದ್ದರೆ ಕೋಣೆಯ ಬಾಗಿಲು ಮುಚ್ಚಿಯೂ ಮುಚ್ಚಿದಂತಾಗುವುದಿಲ್ಲ.

ಏರೋಪ್ಲೇನ್ ಮೋಡ್ ಹಾಕಿ ನೋಡಿದೆ. ಪರದೆಯನ್ನು ಕಪ್ಪು ಬಿಳುಪು ಮಾಡಿ ನೋಡಿದೆ. ಆ್ಯಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ವಾಟ್ಸಾಪ್‌ಗೆ ಸಮಯದ ಮಿತಿ ಹಾಕಿ ನೋಡಿದೆ. ಮೂರೂ ಸ್ವಲ್ಪ ಸ್ವಲ್ಪ ಸಹಾಯ ಮಾಡುತ್ತವೆ. ಆದರೆ ಬೀಗವೂ ಬೀಗದಕೈಯೂ ನನ್ನದೇ ಕೈಯಲ್ಲಿ. ನಾಲ್ಕನೇ ದಿನಕ್ಕೆ ಮಿತಿ ತೆಗೆದುಬಿಟ್ಟೆ.

ಎರಡನೇ ಹತ್ತು ದಿನಕ್ಕೆ ಮೊದಲು ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಅಲಾರಾಂ ಗಡಿಯಾರ ಕೊಂಡೆ. ಇಡೀ ಪ್ರಯೋಗದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ವಸ್ತು ಅದೇ. ಫೋನ್ ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ. ಹಾಸಿಗೆಯ ಪಕ್ಕದಲ್ಲಿ ಗಡಿಯಾರ ಮತ್ತು ಅಪ್ಪನ ಸತ್ಯವೇದ.

ಈ ಪುಸ್ತಕದ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆಂಗಳೂರಿನ ಬೈಬಲ್ ಸೊಸೈಟಿಯ ಅಚ್ಚು. ರಟ್ಟು ಸಡಿಲವಾಗಿದೆ. ಅಪ್ಪ ಕೆಂಪು ಪೆನ್ಸಿಲ್‌ನಿಂದ ಗೆರೆ ಎಳೆದಿದ್ದಾರೆ, ಕೆಲವು ಕಡೆ ಪಕ್ಕದಲ್ಲಿ ತಾರೀಖು ಇದೆ. ಕೀರ್ತನೆ 121ರ ಪಕ್ಕದಲ್ಲಿ ನನ್ನ ತಮ್ಮ ಆಸ್ಪತ್ರೆಯಲ್ಲಿದ್ದ ದಿನದ ತಾರೀಖು. ಅದನ್ನು ಬರೆಯುವಾಗ ಅಪ್ಪ ಏನು ಬೇಡಿಕೊಂಡಿದ್ದರೋ ನನಗೆ ಗೊತ್ತು. ತಮ್ಮ ಉಳಿದ. ಆ ಪುಟ ತೆರೆದರೆ ನನ್ನ ಪ್ರಾರ್ಥನೆ ತಾನಾಗಿ ಶುರುವಾಗುತ್ತದೆ. ಆ್ಯಪ್‌ನಲ್ಲೂ ಬಣ್ಣ ಹಚ್ಚಬಹುದು, ಟಿಪ್ಪಣಿ ಬರೆಯಬಹುದು. ಅವು ನನ್ನ ಖಾತೆಯಲ್ಲಿ ಉಳಿಯುತ್ತವೆ. ನನ್ನ ಮಗಳು ಮುಂದೊಂದು ದಿನ ಅವನ್ನು ಹೀಗೆ ತೆರೆದು ನೋಡುತ್ತಾಳೆ ಅನ್ನುವ ನಂಬಿಕೆ ನನಗಿಲ್ಲ.

ಓದಿದ್ದು ದಿನಕ್ಕೆ ಒಂದೇ ಅಧ್ಯಾಯ, ಕೆಲವು ದಿನ ಅರ್ಧ. ಆದರೆ ಎರಡನೇ ಸಾಲು ಒಂದು ದಿನವೂ ಖಾಲಿ ಬಿಡಲಿಲ್ಲ. ಪುಟದ ಎಡಗಡೆ, ಕೆಳಗೆ, ಕೆಂಪು ಗೆರೆಯ ಹತ್ತಿರ ಅಂತ ವಚನ ಜಾಗದ ಸಮೇತ ನೆನಪಿಗೆ ಬರುತ್ತಿತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ದಿನಗಳು ಅವು. ತಲೆ ತುಂಬಾ ಕೆಲಸ. ಆದರೂ ಹತ್ತನೇ ತರಗತಿಯ ಮಕ್ಕಳ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥಿಸುವಷ್ಟು ಸಮಾಧಾನ ಸಿಕ್ಕಿತು.

ಕಷ್ಟ ಇಲ್ಲ ಅಂತಲ್ಲ. ಅಕ್ಷರ ಸಣ್ಣದು, ಕನ್ನಡಕ ಬೇಕು. ಕರೆಂಟ್ ಹೋದರೆ ಮೇಣದಬತ್ತಿ ಹಿಡಿಯಬೇಕು. ದೊಡ್ಡ ಪುಸ್ತಕ ಬಸ್ಸಿಗೆ ಆಗಿಬರುವುದಿಲ್ಲ. ಊರಲ್ಲಿ ಒಬ್ಬರೇ ಇರುವ ಅಮ್ಮನಿಗೆ ಏನಾದರೂ ಆದರೆ ಅನ್ನುವ ಭಯ ಮೊದಲ ಎರಡು ದಿನ ಓದಲು ಬಿಡಲಿಲ್ಲ. ಆಮೇಲೆ ದಾರಿ ಸಿಕ್ಕಿತು. 'ಡು ನಾಟ್ ಡಿಸ್ಟರ್ಬ್' ಹಾಕಿ, ಅಮ್ಮ ಮತ್ತು ಮಗಳ ಕರೆಗೆ ಮಾತ್ರ ಅನುಮತಿ ಕೊಟ್ಟೆ. ಅವರಿಬ್ಬರ ಕರೆ ಬಂದರೆ ಅಡುಗೆಮನೆಯಿಂದ ಕೇಳಿಸುತ್ತದೆ. ಉಳಿದದ್ದು ಆರು ಗಂಟೆಯವರೆಗೆ ಕಾಯುತ್ತದೆ.

ಮೂರನೆಯದು ಆಡಿಯೋ. ಇದರ ಬಗ್ಗೆ ನನಗೆ ಹೆಚ್ಚು ಆಸೆ ಇರಲಿಲ್ಲ. ಮಾರ್ಕನ ಸುವಾರ್ತೆ ಹಾಕಿಕೊಂಡೆ, 16 ಅಧ್ಯಾಯ. ಬೆಳಗಿನ ಪ್ರಾರ್ಥನೆಗೆ ಅದು ಸರಿಹೋಗಲಿಲ್ಲ. ಕಣ್ಣು ಮುಚ್ಚಿ ಕೇಳಿದರೆ ನಿದ್ದೆ, ತೆರೆದು ಕೇಳಿದರೆ ಮನಸ್ಸು ಎಲ್ಲೋ. ಆದರೆ ಸಂಜೆ ರೊಟ್ಟಿ ತಟ್ಟುವಾಗ ಅಡುಗೆಮನೆಯಲ್ಲಿ ಸ್ವಲ್ಪ ಜೋರಾಗಿ ಹಾಕಿದೆ. ಮೂರನೇ ಸಂಜೆ ಅತ್ತೆ ಬಂದು ಸ್ಟೂಲಿನ ಮೇಲೆ ಕೂತರು. ಅವರಿಗೆ ಕಣ್ಣಿನ ಪೊರೆ, ಓದಲು ಆಗುತ್ತಿಲ್ಲ. ಮನೆಯಲ್ಲಿ ಎಲ್ಲರೂ ಬಿಡುವಿಲ್ಲದವರು. ತಾವು ಸತ್ಯವೇದ ಓದದೆ ಎಷ್ಟು ದಿನವಾಯಿತು ಅಂತ ಅವರು ಯಾರಿಗೂ ಹೇಳಿರಲಿಲ್ಲ. ನಾವು ಕೇಳಿರಲೂ ಇಲ್ಲ. ಕುರುಡ ಬಾರ್ತಿಮಾಯನ ಭಾಗ ಬಂದಾಗ 'ಇನ್ನೊಂದು ಸಲ ಹಾಕಮ್ಮ' ಅಂದರು.

ಮೊದಲ ಶತಮಾನದ ಸಭೆಗಳಲ್ಲಿ ಹೆಚ್ಚಿನವರು ವಾಕ್ಯವನ್ನು ಓದಿದವರಲ್ಲ, ಕೇಳಿದವರು. ಪ್ರಕಟನೆ ಪುಸ್ತಕದ ಆರಂಭದಲ್ಲೇ ಓದಿ ಹೇಳುವವನಿಗೂ ಕೇಳುವವರಿಗೂ ಆಶೀರ್ವಾದ ಇದೆ. ಒಬ್ಬಳೇ ಕೇಳುವ ಇಯರ್‌ಫೋನಿಗಿಂತ ಇಬ್ಬರು ಕೂತು ಕೇಳುವ ಸ್ಪೀಕರ್ ಎಷ್ಟೋ ಮೇಲು ಅನ್ನುವುದು ನನ್ನ ಅನುಭವ. ವಯಸ್ಸಾದವರಿರುವ ಮನೆಗೆ ನಾನು ಮೊದಲು ಹೇಳುವುದೇ ಇದನ್ನು.

ಕೊನೆಯ ಹತ್ತು ದಿನಕ್ಕೆ ಬರುತ್ತೇನೆ. ಏಪ್ರಿಲ್ 9ರಿಂದ ಸ್ಮಾರ್ಟ್‌ಫೋನ್ ಬೀರುವಿನಲ್ಲಿ, ಸಿಮ್ ಬಟನ್ ಫೋನಿನಲ್ಲಿ. ಶಾಲೆಗೆ ರಜೆ ಬರುವುದರಲ್ಲಿತ್ತು. ಪೋಪ್ ಫ್ರಾನ್ಸಿಸ್ 2020ರ ಬೂದಿ ಬುಧವಾರ, ಟಿವಿ ಆರಿಸಿ ಬೈಬಲ್ ತೆರೆಯುವ ಕಾಲ ಇದು, ಮೊಬೈಲಿನ ನಂಟು ಬಿಟ್ಟು ಸುವಾರ್ತೆಯ ನಂಟು ಹಿಡಿಯಿರಿ ಅಂತ ಹೇಳಿದ್ದು ನೆನಪಿತ್ತು. ನಾವು ಬೇರೆ ಸಭೆಯವರಾದರೂ ಆ ಮಾತು ನನಗೆ ತಾಗಿತ್ತು. ಅದಕ್ಕೂ ಮೂರು ವರ್ಷ ಹಿಂದೆ, 2017ರ ಮಾರ್ಚ್ 5ರಂದು, ಅವರು ಇನ್ನೊಂದು ಮಾತು ಕೇಳಿದ್ದರು: ಫೋನ್ ಮರೆತರೆ ಅರ್ಧ ದಾರಿಯಿಂದ ವಾಪಸ್ ಹೋಗುವ ನಾವು ಬೈಬಲನ್ನೂ ಹಾಗೇ ನೋಡಿಕೊಂಡರೆ ಏನಾದೀತು?

ಮೊದಲ ನಾಲ್ಕು ದಿನ ನಿಜವಾಗಿಯೂ ಸುಖವಾಗಿತ್ತು. ಈಸ್ಟರ್‌ಗೆ ಹಿಂದಿನ ವಾರದ ಗರಿಗಳ ಭಾನುವಾರದ ಆರಾಧನೆಯಲ್ಲಿ ಕೈ ಒಮ್ಮೆಯೂ ಚೀಲದ ಕಡೆ ಹೋಗಲಿಲ್ಲ. ತರಕಾರಿಯವರಿಗೆ ಚಿಲ್ಲರೆ ಕೊಟ್ಟೆ. ಬ್ಯಾಂಕಿನ ಒಂದು ಕೆಲಸ ನಿಂತಿತು, ಪರವಾಗಿಲ್ಲ ಅಂದುಕೊಂಡೆ.

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಮುಗಿದು ಹೊರಗೆ ಬಂದಾಗ ಗೊತ್ತಾಯಿತು. ನಮ್ಮ ಸಭೆಯ ಒಬ್ಬ ಹಿರಿಯ ಅಮ್ಮ ಸೋಮವಾರವೇ ಆಸ್ಪತ್ರೆ ಸೇರಿದ್ದರು. ಪ್ರಾರ್ಥನೆಯ ಗುಂಪಿನಲ್ಲಿ ಮೆಸೇಜ್ ಹಾಕಿದ್ದರಂತೆ. ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಬಂದಿದ್ದರು. ನನಗೆ ಭಾನುವಾರ ಶಾಲೆ ನಡೆಸುವುದನ್ನು ಕಲಿಸಿದವರು ಅವರು. ಆಸ್ಪತ್ರೆಗೆ ಓಡಿದೆ. ಕೈ ಹಿಡಿದುಕೊಂಡು, 'ನಿನ್ನ ಫೋನ್ ಬರಲಿಲ್ಲವಲ್ಲ ಅಂತ ನೋಡ್ತಾ ಇದ್ದೆ' ಅಂದರು. ಬೇಸರದಿಂದ ಹೇಳಿದ್ದಲ್ಲ, ಪ್ರೀತಿಯಿಂದಲೇ. ಅದಕ್ಕೇ ಜಾಸ್ತಿ ನೋವಾಯಿತು.

ಆ ರಾತ್ರಿ ಪ್ರವಾದಿ ಯೆಶಾಯನ ಪುಸ್ತಕದ 58ನೇ ಅಧ್ಯಾಯ ಓದಿದೆ. ದೇವರಿಗೆ ಇಷ್ಟವಾದ ಉಪವಾಸ ಯಾವುದು ಅನ್ನುವ ಅಧ್ಯಾಯ. ನೊಗ ಬಿಚ್ಚುವುದು, ಹಸಿದವನಿಗೆ ರೊಟ್ಟಿ ಹಂಚುವುದು, ನಮ್ಮವರಿಗೆ ಮುಖ ಮರೆಸಿಕೊಳ್ಳದಿರುವುದು. ನನ್ನ ಉಪವಾಸ ನನಗೆ ಸಮಾಧಾನ ಕೊಟ್ಟಿತ್ತು, ನನ್ನವರಿಗೆ ನಾನು ಸಿಗದ ಹಾಗೆ ಮಾಡಿತ್ತು. ನೋಟ್‌ಬುಕ್ಕಿನ ಮೂರನೇ ಸಾಲು ಆ ದಿನಗಳಲ್ಲಿ ತುಂಬಿಯೇ ಇದೆ. ಆದರೆ ಅವರ ಹೆಸರು ಮಾತ್ರ ಇಲ್ಲ. ಗೊತ್ತಿಲ್ಲದವರಿಗಾಗಿ ಹೇಗೆ ಪ್ರಾರ್ಥಿಸುವುದು?

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ದೇವರೊಂದಿಗೆ ಒಂಟಿಯಾಗಿ ಕೂರುವ ಹೊತ್ತಿಗೆ ಕಾಗದದ ಸತ್ಯವೇದವೇ ಮೊದಲು, ಅದರ ಹತ್ತಿರಕ್ಕೂ ಬೇರೆ ಯಾವುದೂ ಬರಲಿಲ್ಲ. ಫೋನ್ ಆ ಹೊತ್ತಿನಲ್ಲಿ ಆರಿರಬೇಕಿಲ್ಲ, ಕೈಗೆ ಸಿಗದಷ್ಟು ದೂರ ಇರಬೇಕು ಅಷ್ಟೇ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಇರುವವರಿಗೆ ಆ್ಯಪ್ ಸಾಕು. ಆದರೆ ಡೌನ್‌ಲೋಡ್ ಆಗುವ ಅನುವಾದ ಇಟ್ಟುಕೊಂಡು ಇಂಟರ್ನೆಟ್ ಆರಿಸಿ ಓದಲಿ. ಆಡಿಯೋ ಮನೆಯವರ ಜೊತೆಗೆ. ಪೂರ್ತಿ ಫೋನ್ ಬಿಡುವುದು ಒಂದು ಹಗಲಿಗೆ ಒಳ್ಳೆಯದು. ಹತ್ತು ದಿನಕ್ಕೆ, ಅದೂ ಸಭೆಯ ಜವಾಬ್ದಾರಿ ಇರುವವರಿಗೆ, ನಾನು ಹೇಳಲಾರೆ.

ಈಗ ಬೆಳಿಗ್ಗೆ ಆರಕ್ಕೆ, ಪ್ರಾರ್ಥನೆ ಮುಗಿದ ಮೇಲೆ, ಫೋನ್ ತೆರೆದು ಮೊದಲು ಪ್ರಾರ್ಥನೆಯ ಗುಂಪು ನೋಡುತ್ತೇನೆ. ಕೈ ಮುಗಿದ ಚಿತ್ರ ಹಾಕಿ ಮುಂದೆ ಹೋಗುವುದನ್ನು ಬಿಟ್ಟಿದ್ದೇನೆ. ಹೆಸರನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತೇನೆ, ಮರುದಿನ ಬೆಳಿಗ್ಗೆ ಆ ಪುಟ ಸತ್ಯವೇದದ ಪಕ್ಕದಲ್ಲಿರುತ್ತದೆ. ಆಗುವುದಾದರೆ ಅವತ್ತೇ ಒಂದು ಕರೆ ಮಾಡುತ್ತೇನೆ. ಮಧ್ಯಾಹ್ನ ಒಂದಕ್ಕೆ ಫೋನಿನಲ್ಲಿ ಅಲಾರಾಂ ಇದೆ. ಸತ್ಯವೇದದ ದಾನಿಯೇಲ ಪ್ರಾರ್ಥನೆಗೆ ದಿನಕ್ಕೆ ಮೂರು ಸಲ ಮೊಣಕಾಲೂರಿದ ನೆನಪಿಗೆ. ಸ್ಟಾಫ್ ರೂಮಿನಲ್ಲಿ ಮೊಣಕಾಲೂರಲು ಆಗುವುದಿಲ್ಲ, ಒಂದು ನಿಮಿಷ ಕಣ್ಣು ಮುಚ್ಚುತ್ತೇನೆ.

ಭಾನುವಾರ ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆ. ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ವಿಡಿಯೋ ಕರೆಯಲ್ಲಿ ಸೇರುತ್ತಾಳೆ. ಮಾರ್ಚ್ ಕೊನೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಆಮೇಲೆ ನಮ್ಮ ಎಂಟೂವರೆ ಅಂದರೆ ಅವಳ ನಾಲ್ಕು ಗಂಟೆ. ಊಟದ ಮೇಜಿನ ಮೇಲೆ ಫೋನನ್ನು ಅಪ್ಪನ ಸತ್ಯವೇದಕ್ಕೇ ಒರಗಿಸಿ ನಿಲ್ಲಿಸುತ್ತೇವೆ. ಅತ್ತೆ ಪರದೆಯ ಹತ್ತಿರ ಕೂರುತ್ತಾರೆ. ಈ ವಾರ ಓದುವ ಸರದಿ ಮಗಳದು, ಕೀರ್ತನೆ 121.