ಹಳೇ ಜಿನ್ನಿಂಗ್ ಶೆಡ್ ಖಾಲಿ ಮಾಡಿದ ಮೇಲೆ ಲೇತ್ ಎಲ್ಲಿಡೋದು? ಕಾಂಪ್ಲೆಕ್ಸ್, ಮನೆ, ಕರೂರು

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಮುಚ್ಚಿದ ಮೇಲೆ ಅವುಗಳ ಗೋದಾಮು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಶೆಡ್‌ಗಳಲ್ಲಿ ನಮ್ಮಂಥವರು ಬಂದು ಸೇರಿಕೊಂಡೆವು. ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಮಷೀನು), ವೆಲ್ಡಿಂಗ್, ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವುದು). ಈಗ ಆ ಜಾಗಕ್ಕೆ ಬೆಲೆ ಬಂದಿದೆ. ನಮ್ಮ ಮಾಲೀಕರು ಮೊದಲು ಬಾಡಿಗೆಯನ್ನು ದುಪ್ಪಟ್ಟು ಮಾಡಿದರು, ಆಮೇಲೆ ಕಾಂಪ್ಲೆಕ್ಸ್ ಕಟ್ಟುತ್ತೇವೆ, ಖಾಲಿ ಮಾಡಿ ಅಂದರು. 11 ತಿಂಗಳ ಅಗ್ರಿಮೆಂಟ್ ಇಟ್ಟುಕೊಂಡು ಏನು ವಾದ ಮಾಡುವುದು? 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ವ್ಯಾಪಾರದ ಜಾಗಕ್ಕೆ ಸಿಗುವುದು 14 ಚದರ ಮೀಟರ್‌ವರೆಗೆ ಮಾತ್ರ. ಅಂದರೆ ಸುಮಾರು 150 ಚದರ ಅಡಿ. ಅಷ್ಟರಲ್ಲಿ ವರ್ಕ್‌ಶಾಪ್ ನಡೆಯುತ್ತದಾ?

ಮೊದಲು ಹೊಸ ಕಾಂಪ್ಲೆಕ್ಸ್‌ನ ನೆಲಮಹಡಿ ಮಳಿಗೆ ಹಿಡಿದೆ. ಗಿರಾಕಿಗೆ ಕಾಣುವ ಜಾಗ, ಅದು ನಿಜಕ್ಕೂ ಒಳ್ಳೆಯದು. ಆದರೆ ನನ್ನದು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ತಯಾರಾದ ಹಳೇ ಲೇತ್, ಟೈಲ್ಸ್ ನೆಲದ ಮೇಲೆ ಲೆವೆಲ್ ನಿಲ್ಲಲಿಲ್ಲ. ಉದ್ದದ ರಾಡ್ ಹಾಕಿದರೆ ಹೆಡ್‌ಸ್ಟಾಕ್ (ರಾಡ್ ಹಿಡಿದು ತಿರುಗಿಸುವ ಭಾಗ) ಹಿಂದಿನಿಂದ ಫುಟ್‌ಪಾತ್‌ಗೆ ಚಾಚುತ್ತಿತ್ತು. ಮೇಲಿನ ಮಳಿಗೆಯವರಿಗೆ ಸದ್ದಿನ ಕಾಟ. ಅಲ್ಲಿದ್ದ ಮೀಟರ್ ಅಂಗಡಿಯದು, ನಮಗೆ ಬೇಕಿದ್ದದ್ದು ಕೈಗಾರಿಕೆಯ ಕರೆಂಟ್ ಕನೆಕ್ಷನ್, ಅಂದರೆ ಎಲ್‌ಟಿ-5, ಮಾಲೀಕರು ಒಪ್ಪಲಿಲ್ಲ. ಮೇಲೆ ಬಾಡಿಗೆಗೆ 18% ಜಿಎಸ್‌ಟಿ ಬೇರೆ.

ಮನೆಯ ಕೆಳಗಿಟ್ಟು ನೋಡಿದ್ದೂ ಆಯಿತು. ಓಣಿಯಲ್ಲಿ ಮಕ್ಕಳು ಓದುತ್ತಾರೆ, ವಯಸ್ಸಾದವರು ಮಲಗಿರುತ್ತಾರೆ, ಅವರಿಗೆ ತೊಂದರೆ ಕೊಡುವುದು ಸರಿಯಲ್ಲ.

ದಾವಣಗೆರೆಯದೇ ಆದ ಕರೂರು ಇಂಡಸ್ಟ್ರಿಯಲ್ ಏರಿಯಾದ ಶೆಡ್ಡು ಮಷೀನಿಗೆ ಹೇಳಿ ಮಾಡಿಸಿದ ಜಾಗ. ಗಟ್ಟಿ ಕಾಂಕ್ರೀಟ್, ಎತ್ತರದ ಸೂರು, ತ್ರೀ ಫೇಸ್, ಚದರ ಅಡಿ ಲೆಕ್ಕದಲ್ಲಿ ಕಾಂಪ್ಲೆಕ್ಸ್‌ಗಿಂತ ಕಡಿಮೆ ಬಾಡಿಗೆ. ಕಂಪನಿ ಆರ್ಡರ್ ಇರುವವರು ಯೋಚನೆ ಮಾಡದೆ ಅಲ್ಲಿಗೇ ಹೋಗಬಹುದು. ನನ್ನ ಕೆಲಸ ಬೇರೆ ಥರ. ಬೋರ್‌ವೆಲ್ ಮೋಟಾರಿನ ಸವೆದ ಬುಷ್, ಮಂಡಕ್ಕಿ ಭಟ್ಟಿಯವರ ಬ್ಲೋವರ್ ಶಾಫ್ಟ್, ಟ್ರ್ಯಾಕ್ಟರ್ ಪಿನ್ನು. ಹಳೇ ಶೆಡ್ಡಿನಲ್ಲಿ ರೈತರು ಬೆಳಿಗ್ಗೆ ಶಾಫ್ಟ್ ತಂದರೆ ಪಕ್ಕದ ವೆಲ್ಡಿಂಗ್‌ನವರು ಸವೆದಲ್ಲಿ ತುಂಬಿಸಿ ಕೊಡುತ್ತಿದ್ದರು, ನಾನು ಟರ್ನಿಂಗ್ ಮಾಡಿ, ಅಂದರೆ ಲೇತ್‌ನಲ್ಲಿ ಕಡೆದು, ಅಳತೆಗೆ ತರುತ್ತಿದ್ದೆ, ಎದುರಿನ ಅಂಗಡಿಯಿಂದ ಬೇರಿಂಗ್ ಬರುತ್ತಿತ್ತು, ಸಂಜೆಗೆ ಅವರ ಪಂಪು ಓಡುತ್ತಿತ್ತು. ಕರೂರಿನಲ್ಲಿ ಒಬ್ಬನೇ ಕೂತರೆ ಅದೇ ಶಾಫ್ಟ್ ಲಗೇಜ್ ಆಟೋದಲ್ಲಿ ವೆಲ್ಡಿಂಗ್‌ಗೆ ಹೋಗಿ ವಾಪಸ್ ಬರಬೇಕು. ಇನ್ನೂರು ರೂಪಾಯಿ ಕೆಲಸಕ್ಕೆ ಅಷ್ಟೇ ಆಟೋ ಬಾಡಿಗೆ! ಬೆಳೆ ಒಣಗುತ್ತಿರುವಾಗ ರೈತರು ಎರಡು ದಿನ ಎಲ್ಲಿ ಕಾಯುತ್ತಾರೆ?

ಹಾಗಾಗಿ ನನ್ನ ಆಯ್ಕೆ ಕರೂರೇ, ಆದರೆ ಒಬ್ಬನೇ ಅಲ್ಲ. ವೆಲ್ಡಿಂಗ್‌ನವರು, ರಿವೈಂಡಿಂಗ್‌ನವರು, ನಾನು ಸೇರಿ ಒಂದೇ ಶೆಡ್ ಹಿಡಿದಿದ್ದೇವೆ. ಊರೊಳಗೆ ಬೇರಿಂಗ್ ಅಂಗಡಿಯವರೇ ಕೆಲಸ ತೆಗೆದುಕೊಂಡು ಇಡುತ್ತಾರೆ, ದಿನಕ್ಕೊಂದು ಆಟೋ ಎಲ್ಲವನ್ನೂ ಒಟ್ಟಿಗೆ ತರುತ್ತದೆ. ಸಣ್ಣ ಗಿರಾಕಿಗಳು ಸ್ವಲ್ಪ ಕಡಿಮೆಯಾಗಿದ್ದಾರೆ, ಅದು ಬೇಜಾರೇ. ಹಳೇ ಶೆಡ್ಡಿನಲ್ಲಿ ಇನ್ನೂ ಇರುವವರು ನೋಟಿಸ್ ಬರೋವರೆಗೆ ಕಾಯಬೇಡಿ, ಅಕ್ಕಪಕ್ಕದವರ ಜೊತೆ ಈಗಲೇ ಮಾತಾಡಿ. ಹೊಸ ಜಾಗಕ್ಕೆ ಮೂರು ವರ್ಷದ್ದಾದರೂ ಅಗ್ರಿಮೆಂಟ್ ಮಾಡಿಸಿ ರಿಜಿಸ್ಟರ್ ಮಾಡಿಸಿಕೊಳ್ಳಿ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ ಅನ್ನೋದನ್ನೂ ಅದರಲ್ಲೇ ಬರೆಸಿ.