ಬ್ಯಾಟರಿ ಕಟ್-ಆಫ್ ನಾಬ್: ಐಡಿಯಾ ಚೆನ್ನಾಗಿದೆ, ನನ್ ಕಾರಿಗೆ ಮಾತ್ರ ಲೂಸು

ವರ್ಷಕ್ಕೆರಡು ಸಲ ವ್ಯಾಗನ್ ಆರ್‌ನ ಮೈಸೂರಲ್ಲಿ ಮನೆ ಮುಂದೆ ನಿಲ್ಸಿ ಒಂದೊಂದು ತಿಂಗಳು ಪುಣೆಗೆ ಮಗಳ ಮನೆಗೆ ಹೋಗ್ತೀವಿ, ವಾಪಸ್ ಬಂದು ಸೆಲ್ಫ್ ಹೊಡೆದ್ರೆ ಟಕ್ ಟಕ್ ಟಕ್ ಅಷ್ಟೇ, ಆಮೇಲೆ ಪಕ್ಕದ್ಮನೆ ಹುಡುಗ್ರನ್ನ ಕರ್ದು ತಳ್ಳಿಸೋದು. ಕಾರು ಸುಮ್ನೆ ನಿಂತಿದ್ರೂ ಗಡಿಯಾರ, ಲಾಕು, ಅಲಾರಂ ಅಂತ ಚೂರು ಚೂರು ಕರೆಂಟ್ ಎಳೀತಾನೇ ಇರುತ್ತೆ. 50 ಮಿಲಿಆಂಪ್ ಅಂತ ಹಿಡಿದ್ರೂ ದಿನಕ್ಕೆ 1.2 ಆಂಪ್-ಅವರ್, 30 ದಿನಕ್ಕೆ 36, ನನ್ ಬ್ಯಾಟರಿ ಇರೋದೇ 35.

ಅದಕ್ಕೇ ಆನ್‌ಲೈನಲ್ಲಿ ಈ ಹಸಿರು ತಿರುಪಿನ ನಾಬ್ ತರಿಸ್ದೆ, 349 ರೂಪಾಯಿ. ನಾಲ್ಕು ಸುತ್ತು ತಿರುಗಿಸಿದ್ರೆ ಬ್ಯಾಟರಿ ಕನೆಕ್ಷನ್ ಕಟ್, ಸ್ಪ್ಯಾನರ್ ಬೇಡ.

ಡಬ್ಬಿ ಮೇಲೆ ಯಾವ ಟರ್ಮಿನಲ್ಲಿಗೆ ಹಾಕ್ಬೇಕು ಅಂತಾನೇ ಬರ್ದಿಲ್ಲ ಮಾರಾಯ್ರೆ, ನನಗೆ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೆ. ಮೈನಸ್ಸಿಗೇ ಹಾಕ್ಬೇಕು. ಕಾರಿನ ಬಾಡಿ ಪೂರ್ತಿ ಮೈನಸ್ಸಿಗೆ ಸೇರಿರುತ್ತೆ, ಹಾಗಾಗಿ ಮೈನಸ್ ಇನ್ನೂ ಇರುವಾಗ ಪ್ಲಸ್ ಬಿಚ್ಚಕ್ ಹೋಗಿ ಸ್ಪ್ಯಾನರ್ ಎಲ್ಲಾದ್ರೂ ಬಾಡಿಗೆ ತಾಗಿದ್ರೆ ನೇರ ಶಾರ್ಟ್, ನಮ್ ಗ್ಯಾರೇಜ್ ಅಣ್ಣನ ಬೆರಳಲ್ಲಿ ಉಂಗುರದ ಸುತ್ತ ಸುಟ್ಟ ಗುರುತು ಇವತ್ತಿಗೂ ಇದೆ. ಬಿಚ್ಚುವಾಗ ಮೈನಸ್ ಮೊದ್ಲು, ಹಾಕುವಾಗ ಮೈನಸ್ ಕೊನೆಗೆ, ಉಂಗುರ ವಾಚು ಬಿಚ್ಚಿಟ್ಟು. ಇಂಜಿನ್ ಓಡ್ತಿರುವಾಗ ಅಂತೂ ಮುಟ್ಟಲೇಬೇಡಿ. ಅಂಬಾಸಿಡರ್ ಕಾಲದಲ್ಲಿ ಹಾಗೇ ವೈರ್ ಕಿತ್ತು ಡೈನಮೋ ಚೆಕ್ ಮಾಡೋರು, ಈಗಿನ ಗಾಡಿಲಿ ಹಂಗ್ ಮಾಡಿದ್ರೆ ವೋಲ್ಟೇಜ್ ಏರಿ ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್, ಹೋಗ್ಬಹುದು.

ಇನ್ನು ನಾಬ್ ವಿಷ್ಯ. ನಮ್ ಸಣ್ ಕಾರುಗಳ 38ಬಿ20ಎಲ್ ಸೈಜಿನ ಬ್ಯಾಟರಿಲಿ ಸುಮಾರಾಗಿ ಟರ್ಮಿನಲ್ ಸಣ್ಣದಿರುತ್ತೆ, ಇವ್ರು ಕಳ್ಸಿದ್ದು ದಪ್ಪ ಟರ್ಮಿನಲ್ಲಿಂದು. ಬೋಲ್ಟ್ ಪೂರ್ತಿ ಬಿಗಿ ಮಾಡಿದ್ರೂ ಕೈಯಲ್ಲಿ ಹಿಡ್ದು ತಿರುಗಿಸಿದ್ರೆ ಗರಗರ ಸುತ್ತುತ್ತೆ. ಹಾಗೇ ಬಿಟ್ಟು ಎರಡು ದಿನ ಓಡಿಸ್ದೆ, ಸೆಲ್ಫ್ ಹೊಡೆದ ತಕ್ಷಣ ಮುಟ್ಟಿ ನೋಡಿದ್ರೆ ಬಿಸಿ ಕಾಫಿ ಲೋಟದ ಹಾಗೆ ಸುಡ್ತಿತ್ತು. ಲೂಸ್ ಕನೆಕ್ಷನ್ನಲ್ಲಿ ಅಷ್ಟು ಕರೆಂಟ್ ಹರಿದ್ರೆ ಇನ್ನೇನಾಗುತ್ತೆ. ಆಮೇಲೆ ಬ್ಯಾಟರಿ ಅಂಗಡಿಲಿ ಸೀಸದ ಬಳೆ ಸಿಕ್ತು, ಅದನ್ನ ಟರ್ಮಿನಲ್ಲಿಗೆ ತೊಡಿಸಿ ನಾಬ್ ಕೂರಿಸಿದ್ಮೇಲೆ ಗಟ್ಟಿಯಾಯ್ತು, ಬಿಸೀನೂ ಇಲ್ಲ.

ಹಳೇ ಕ್ಲ್ಯಾಂಪ್ ತೆಗೆಯೋಕೆ ಮಾತ್ರ ಹತ್ತರ ಸ್ಪ್ಯಾನರ್ ಬೇಕೇ ಬೇಕು. ನನ್ದರಲ್ಲಿ ಬಿಳಿ-ನೀಲಿ ಪುಡಿ ಕಟ್ಟಿ ಅಂಟ್ಕೊಂಡಿತ್ತು, ಅಡುಗೆ ಸೋಡಾ ನೀರು ಹಾಕಿ ಹಳೇ ಬ್ರಷ್ಷಲ್ಲಿ ಉಜ್ಜಿದ್ರೆ ಬುಸ್ ಅಂತ ನೊರೆ ಬಂದು ಬಿಡ್ತು, ಒಣಗಿದ್ಮೇಲೆ ವ್ಯಾಸಲೀನ್ ಸವರಿದೆ.

ಇನ್ನೊಂದು, ನಾಬ್ ಬಿಚ್ಚಿದ್ಮೇಲೆ ರಿಮೋಟ್ ಕೆಲ್ಸ ಮಾಡಲ್ಲ, ಕೀಲೇ ಲಾಕ್ ಮಾಡ್ಬೇಕು, ಬಾನೆಟ್ ತೆಗೆಯೋ ಲಿವರೂ ಕಾರೊಳಗೇ ಇರೋದು, ಹಾಗಾಗಿ ಕೀ ಒಳಗೆ ಬಿಟ್ಟು ಬಾಗ್ಲು ಹಾಕ್ಬೇಡಿ. ವಾಪಸ್ ಹಾಕಿದಾಗ ಗಡಿಯಾರ ಮೊದ್ಲಿಂದ ಸೆಟ್ ಮಾಡ್ಬೇಕು, ಅಷ್ಟೇ.

ಹೋದ್ಸಲ ಪುಣೆಯಿಂದ 34 ದಿನಕ್ಕೆ ಬಂದ್ವಿ, ಮೀಟರಲ್ಲಿ 12.5 ವೋಲ್ಟ್, ಮೊದಲ್ನೇ ಸೆಲ್ಫಿಗೇ ಸ್ಟಾರ್ಟ್. ಐದಕ್ಕೆ ಮೂರು ಸ್ಟಾರ್. ವರ್ಷಕ್ಕೊಂದೇ ಸಲ ಬಿಚ್ಚೋರಾದ್ರೆ ದುಡ್ ದಂಡ, ಸ್ಪ್ಯಾನರ್ ಸಾಕು. ಸಣ್ ಟರ್ಮಿನಲ್ ಅಂತ ಸೆಲ್ಲರಿಗೆ ಮೆಸೇಜ್ ಹಾಕಿದ್ದೆ, "ಯೂನಿವರ್ಸಲ್ ಫಿಟ್ಟಿಂಗ್ ಸರ್, ಎಲ್ಲಾ ಕಾರಿಗೂ ಕೂರುತ್ತೆ" ಅಂತ ಉತ್ತರ ಬಂತು.