ಹಿಮ ತಡೆಯುವ ಹೊದಿಕೆ ಬಟ್ಟೆ: ಎರಡು ಚಳಿಗಾಲಗಳ ಬಳಕೆಯ ನಂತರ

ಹಿತ್ತಲಿನ ಪರ್ಮಾಕಲ್ಚರ್ (ನಿಸರ್ಗದ ವ್ಯವಸ್ಥೆಯನ್ನೇ ಅನುಸರಿಸುವ ಕೃಷಿ ಪದ್ಧತಿ) ತೋಟಕ್ಕೆಂದು ತರಿಸಿಕೊಂಡ, ಚದರ ಮೀಟರಿಗೆ 30 ಗ್ರಾಂ ತೂಗುವ ಈ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳ ಹೊದಿಕೆಯನ್ನು ಎರಡು ಚಳಿಗಾಲ ಬಳಸಿದ್ದೇನೆ. ಮಳೆನೀರನ್ನೂ ಬೆಳಕನ್ನೂ ಒಳಗೆ ಬಿಡುತ್ತಲೇ, ಹಗಲು ಕಾದ ಮಣ್ಣು ರಾತ್ರಿ ಹೊರಸೂಸುವ ಶಾಖವನ್ನು ತಡೆದಿಡುವುದರಿಂದ ಒಳಗಿನ ಉಷ್ಣತೆ ಹೊರಗಿಗಿಂತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಹೆಚ್ಚಿರುತ್ತದೆ. ಬೆಳಗ್ಗೆ ಬಟ್ಟೆಯ ಮೇಲೆ ಹಿಮದ ಹರಳು ಗರಿಗಟ್ಟಿದ್ದರೂ ಕೆಳಗಿನ ಪಾಲಕ್ ಬಾಡಿರಲಿಲ್ಲ. ಆದರೆ ಬಟ್ಟೆಗೆ ತಾಗಿದ ಎಲೆಗಳ ತುದಿ ಕಪ್ಪಾಯಿತು. ಬಾಗಿಸಿದ ಕಮಾನುಗಳ ಮೇಲೆ ಹರಡಿದ ನಂತರ ಆ ತೊಂದರೆ ತಪ್ಪಿತು. ಟೊಮೆಟೊದಂಥ ಸುಕುಮಾರ ಗಿಡಗಳನ್ನು ಕಡುಚಳಿಯಲ್ಲಿ ಇದು ಉಳಿಸದು. ಅಂಚಿಗೆ ಕಲ್ಲು ಹೇರಿದಲ್ಲೆಲ್ಲ ಬಟ್ಟೆ ಹರಿದದ್ದು ಬೇಸರದ ಸಂಗತಿ. ಮಣ್ಣು ತುಂಬಿದ ಚೀಲಗಳೇ ವಾಸಿ. ಪ್ಲಾಸ್ಟಿಕ್ ಎಳೆಗಳು ಮಣ್ಣು ಸೇರುವುದು ಪರ್ಮಾಕಲ್ಚರ್‌ಗೆ ಒಪ್ಪುವ ಮಾತಲ್ಲವಾದ್ದರಿಂದ ಹರಿದ ಚೂರುಗಳನ್ನು ಹೆಕ್ಕಿ ತೆಗೆಯಲೇಬೇಕು.